ಭತ್ತವೂ ಅದರ ಅಣ್ಣ ಹುಲ್ಲೂ

ಕಣದಲ್ಲಿ ತೆನೆಯಿಂದ ಉದುರಿದ ಭತ್ತಕ್ಕೆ ಎಷ್ಟು ಜಂಭ ಬಂತೆಂದರೆ, ಅಷ್ಟು ದಿನ ತನ್ನನ್ನು ಹೊತ್ತು ನಿಂತಿದ್ದ ಹುಲ್ಲನ್ನೇ ಹಂಗಿಸಿತು: "ನೀನು ಬರೀ ನಾರು. ಮನುಷ್ಯರು ನಿನ್ನನ್ನು ಮೂಸಿಯೂ ನೋಡುವುದಿಲ್ಲ. ನಾನೋ, ಬಾಳೆಎಲೆ ಏರುವವನು!"

"ಈ ನಾರಿಲ್ಲದಿದ್ದರೆ ನೀನು ಕೆಸರಿನಲ್ಲೇ ಕೊಳೆಯುತ್ತಿದ್ದೆ, ತಮ್ಮಾ. ಇರಲಿ, ಎಲೆಯ ಮೇಲೆ ಸಿಗೋಣ" ಎಂದಿತು ಹುಲ್ಲು. ಅಷ್ಟರಲ್ಲಿ ಕೆಂದಿ ಹಸು ಅದನ್ನು ಬಾಯಿಗೆಳೆದುಕೊಂಡಿತು.

"ಮುಗೀತು ಇವನ ಕಥೆ!" ಎಂದು ಭತ್ತ ಬಿದ್ದು ಬಿದ್ದು ನಕ್ಕಿತು.

ಮುಂದೆ ಭತ್ತ ಅಕ್ಕಿಯಾಗಿ, ಅನ್ನವಾಗಿ ಎಲೆಗೆ ಬಂತು. ಸಾರಿನೊಡನೆ ಅರ್ಧ ಖಾಲಿಯಾಯಿತು. ಉಳಿದರ್ಧವನ್ನು ಮುಟ್ಟದೆ ಉಣ್ಣುವವರೆಲ್ಲ ಅಡುಗೆಮನೆಯತ್ತಲೇ ಕತ್ತು ಚಾಚಿ ಕೂತರು.

"ನಾನಿಲ್ಲೇ ಇರುವಾಗ ಇನ್ಯಾರ ದಾರಿ ನೋಡುತ್ತೀರಿ?" ಎಂದು ಅನ್ನ ಸಿಡುಕಿತು.

ತಣ್ಣನೆಯ ಮೊಸರು ಅದರ ನೆತ್ತಿಯ ಮೇಲೆ ಬಿತ್ತು. ಮೊಸರಿನೊಳಗಿಂದ ಹುಲ್ಲಿನ ಹಳೆಯ ದನಿ ಕೇಳಿಸಿತು: "ಕೆಂದಿಯ ಹೊಟ್ಟೆ ಬಳಸಿ ಬಂದೆ ತಮ್ಮಾ, ಸ್ವಲ್ಪ ತಡವಾಯಿತು. ಎಲ್ಲಿ, ಒಂಚೂರು ಜಾಗ ಬಿಡು!"