ಕಡಲಿನ ಪಾಲು ಮುಚ್ಚಿದ ವರ್ಷ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಗುಡ್ಡಗಳು ಯಾರು ಎಲ್ಲಿ ಕೂರಬೇಕೆಂದು ಜಗಳಾಡುತ್ತಿದ್ದವು. ಏಡಿಗೆ ಅಡ್ಡ ನಡೆಯುವುದನ್ನು ಇನ್ನೂ ಯಾರೂ ಕಲಿಸಿರಲಿಲ್ಲ. ಹೊಳೆ ಹೋಗಿ ಕಡಲು ಸೇರುವ ಅಳಿವೆಯಲ್ಲಿ ನೀರು ವರ್ಷವಿಡೀ ಸಿಹಿಯಾಗಿತ್ತು.

ಹೌದು ಮಗಾ, ಸಿಹಿಯಾಗಿತ್ತು. ಮುಖ ಹಾಗೆ ಮಾಡಬೇಡ. ಇವತ್ತು ಬೆಳಿಗ್ಗೆ ನೀನು ಬಾಯಿಗೆ ಹಾಕಿ ಥೂ ಎಂದು ಉಗಿದೆಯಲ್ಲ, ಅದೇ ನೀರು.

ಕಡಲು ಅಣ್ಣ, ಹೊಳೆ ತಂಗಿ. ಹುಟ್ಟಿದಾಗಲೇ ಇಬ್ಬರೂ ಒಂದು ಮಾತು ಮಾಡಿಕೊಂಡಿದ್ದರು. “ದಿನಾ ನನ್ನ ಬಾಗಿಲಿಗೆ ಬಂದು ಒಂದ್ ಮಾತಾಡ್ಸಿ ಹೋಗ್ ತಂಗಿ. ಅಷ್ಟ್ ಸಾಕ್. ನಾ ನಿನ್ನ ಮನೆಯೊಳಗೆ ಕಾಲಿಡುದಿಲ್ಲೆ” ಎಂದಿದ್ದ ಕಡಲಣ್ಣ. ಅವನ ಕಾಲಿಗೆ ಉಪ್ಪು ಮೆತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ತೊಳೆಯುವ ನೀರೇ ಉಪ್ಪಾದರೆ ಪಾಪ, ಅವನಾದರೂ ಏನು ಮಾಡಿಯಾನು?

ಹೊಳೆ ಮಾತು ತಪ್ಪುತ್ತಿರಲಿಲ್ಲ. ಗುಡ್ಡ ಇಳಿದು, ಬಯಲು ದಾಟಿ, ಅಳಿವೆಗೆ ಬಂದು ಬೆರಳು ಬಿಡಿಸಿದ ಹಾಗೆ ಹಲವು ಕವಲಾಗಿ ಹರಿಯುತ್ತಿದ್ದಳು. ಕವಲುಗಳ ನಡುವೆ ಕುದ್ರುಗಳು, ಅಂದರೆ ಸುತ್ತ ನೀರಿರುವ ಸಣ್ಣ ಸಣ್ಣ ದ್ವೀಪಗಳು. ಅಂಥ ಒಂದು ಕುದ್ರುವಿನಲ್ಲಿ ಅಕ್ಕಣಿ ಎಂಬ ಹೆಂಗಸು ಇದ್ದಳು. ಗಂಡ ತೀರಿಹೋಗಿದ್ದ. ಇದ್ದದ್ದು ಒಬ್ಬಳೇ ಮಗಳು, ಚಿಕ್ಕು.

ಕುದ್ರುವಿನ ಜನ ಮಳೆ ನಿಂತ ಮೇಲೆ ದೊಡ್ಡ ಕವಲಿಗೆ ಅಡ್ಡವಾಗಿ ಕಟ್ಟ ಕಟ್ಟುತ್ತಿದ್ದರು. ಮರದ ದಿಮ್ಮಿ, ತೆಂಗಿನ ಮಡಲು, ಸೊಪ್ಪು, ಮೇಲೆ ಒದ್ದೆ ಮಣ್ಣು. ಬೇಸಿಗೆಗೆ ನೀರು ನಿಲ್ಲಬೇಕಲ್ಲ. ಆದರೆ ಎಷ್ಟೇ ಗಟ್ಟಿ ಕಟ್ಟ ಕಟ್ಟಿದರೂ ಅದರಲ್ಲಿ ಒಂದು ಕಂಡಿ ಬಿಡುತ್ತಿದ್ದರು, ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಸಂದು. ಆ ಕಂಡಿಯಿಂದ ಹೋಗುವ ನೀರಿಗೆ ಕಡಲಿನ ಪಾಲು ಎಂದು ಹೆಸರು. ಬೆಳೆ ಒಣಗಲಿ, ಬಾಯಿ ಒಣಗಲಿ, ಕಡಲಿನ ಪಾಲನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಕಂಡಿ ಕಾಯುವ ಕೆಲಸ ಅಕ್ಕಣಿಯದು. ಅವಳ ಅಬ್ಬೆಯೂ ಅದನ್ನೇ ಮಾಡುತ್ತಿದ್ದಳು. ಬೆಳಗಾದರೆ ಸೊಂಟದವರೆಗೆ ನೀರಿಗಿಳಿದು, ಕಂಡಿಗೆ ಸಿಕ್ಕಿಕೊಂಡ ಕಸಕಡ್ಡಿ ಎಳೆದು ಹಾಕುತ್ತಿದ್ದಳು. ಚಿಕ್ಕು ಕಟ್ಟದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಕಡಲಿನ ಕ್ಷೇಮ ವಿಚಾರಿಸಿ ಹೋಗುವ ನೀರಿನೊಡನೆ ದಿನವೂ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು. “ಮಾವನ ಹತ್ರ ನಾ ಕೇಂಡೆ ಅಂತ ಹೇಳ್.”

ಹೊಳೆ ಅವಳಿಗೆ ತಾಯಿಯ ಹಾಗೆ. ಹೊಳೆಯ ಅಣ್ಣ ಮಾವನೇ ತಾನೆ? ಕಡಲಿಗೂ ಇದು ಮುಟ್ಟುತ್ತಿತ್ತು. ಸಂಜೆ ಅವನೊಂದು ಸಣ್ಣ ತೆರೆಯಲ್ಲಿ ಕಟ್ಟದ ಬುಡಕ್ಕೆ ಶಂಖವನ್ನೋ ಕಪ್ಪೆಚಿಪ್ಪನ್ನೋ ಇಟ್ಟು ಹಿಂದೆ ಸರಿಯುತ್ತಿದ್ದ. ಕಟ್ಟ ದಾಟುತ್ತಿರಲಿಲ್ಲ.

ಹೀಗೇ ಇರಬಹುದಿತ್ತು. ಇರಲಿಲ್ಲ.

ಒಂದು ವರ್ಷ ಮಳೆ ಅರ್ಧಕ್ಕೇ ಎದ್ದು ಹೋಯಿತು. ಗುಡ್ಡದ ಒರತೆಗಳು ಬತ್ತಿದವು. ಹೊಳೆ ದಿನದಿಂದ ದಿನಕ್ಕೆ ಸೊರಗಿದಳು. ಸಣ್ಣ ಕವಲುಗಳು ಒಣಗಿ ಬರೀ ಮರಳಾದವು. ಜನ ಸುಮ್ಮನೆ ಇರುತ್ತಾರೆಯೇ? ಒಣಗಿದ ಕವಲಿನಲ್ಲಿ ಒಬ್ಬ ದನದ ಕೊಟ್ಟಿಗೆ ಹಾಕಿದ. ಇನ್ನೊಬ್ಬ ತೆಂಗಿನ ಸಿಪ್ಪೆ ಕೊಳೆಯಿಸುವ ಗುಂಡಿ ತೋಡಿದ. ಮತ್ತೊಬ್ಬ ಸತ್ತ ಎತ್ತನ್ನು ಎಳೆದು ತಂದು ಅಲ್ಲೇ ಬಿಸಾಡಿದ. ಹೊಳೆ ಮತ್ತೆ ಈ ದಾರಿಯಲ್ಲಿ ಬರುತ್ತಾಳೆ ಎಂದು ಯಾರಿಗೂ ಅನಿಸಲಿಲ್ಲ. ಕಣ್ಣೆದುರು ಇಲ್ಲದವರ ಮನೆಗೆ ನುಗ್ಗುವುದು ನಮ್ಮ ಜನಕ್ಕೆ ಆವಾಗಲೂ ಬಹಳ ಸುಲಭವಾಗಿತ್ತು.

ಆಮೇಲೆ ಎಲ್ಲರ ಕಣ್ಣೂ ಕಂಡಿಯ ಮೇಲೆ ಬಿತ್ತು.

“ಅಲ್ದಾ ಅಕ್ಕಣಿ, ಇಲ್ಲಿ ಕುಡುಕೆ ನೀರಿಲ್ಲೆ. ನೀ ಕಂಡ್ರೆ ಸೀ ನೀರನ್ನ ಉಪ್ಪಿಗೆ ಸುರಿತಾ ಇದ್ದೆ. ಕಡಲಿಗೆ ನೀರು ಕಮ್ಮಿ ಆಯ್ತಾ?” ಎಂದ ಊರ ಹಿರಿಯ ನಾರ್ಣಜ್ಜ. ಸುತ್ತ ನಿಂತವರು ನಕ್ಕರು. ನಿಜಕ್ಕೂ ನಗುವ ಮಾತೇ ಅದು. ಕಡಲಿಗೆ ನೀರು ಕೊಡುವುದೆಂದರೆ!

“ಅದ್ ಅವನ ಪಾಲ್ ಅಜ್ಜ” ಎಂದಳು ಅಕ್ಕಣಿ.

“ನಿನ್ನ ಮಗಳ ಪಾಲ್ ಎಲ್ಲಿತ್ತ್?”

ಅಕ್ಕಣಿ ಮಗಳ ಕಡೆ ನೋಡಿದಳು. ಚಿಕ್ಕುವಿನ ತುಟಿ ಒಡೆದಿತ್ತು. ಬಾವಿಯ ತಳದಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ಅಕ್ಕಣಿ ಬೇಡ ಎನ್ನಲಿಲ್ಲ. ಕಂಡಿಯನ್ನು ಚೆನ್ನಾಗಿ ಬಲ್ಲವಳು ಅವಳೇ ಆದ್ದರಿಂದ, ಮುಚ್ಚುವಾಗ ಮಣ್ಣು ಎಲ್ಲಿ ಒತ್ತಬೇಕೆಂದು ತೋರಿಸಿದವಳೂ ಅವಳೇ. ಕಡೆಯ ಬುಟ್ಟಿ ಮಣ್ಣು ಬಿದ್ದ ಮೇಲೆ ಕಟ್ಟದಾಚೆ ಸದ್ದು ನಿಂತಿತು. ಮರುದಿನ ಚಿಕ್ಕು ಕಟ್ಟದ ಮೇಲೆ ಕೂತು ಹೇಳಿದ ಮಾತನ್ನು ಕೊಂಡೊಯ್ಯುವ ನೀರೇ ಇರಲಿಲ್ಲ.

ಕಡಲಣ್ಣ ಬಾಗಿಲಲ್ಲಿ ಕಾದ. ತಂಗಿ ಬರಲಿಲ್ಲ. ಮರುದಿನವೂ ಕಾದ. ಬರಲಿಲ್ಲ. ಗಾಳಿಯನ್ನು ಕೇಳಿದ, “ನನ್ನ ತಂಗಿಗೆ ಹುಷಾರಿಲ್ಯಾ?” ಗಾಳಿ ಗಡಿಬಿಡಿಯಲ್ಲಿತ್ತು. “ನಂಗೊತ್ತಿಲ್ಲೆ ಮಾರಾಯಾ” ಎಂದು ಹೊರಟೇ ಹೋಯಿತು.

ದಿನಾ ಬರುವ ತಂಗಿ ಬಾರದೆ ಹೋದರೆ ಅಣ್ಣನಾದವನು ಏನು ಮಾಡುತ್ತಾನೆ? ಎದ್ದು ಕಾಣಲು ಹೋಗುತ್ತಾನೆ. ಅವನಿಗೆ ಸಿಟ್ಟಿರಲಿಲ್ಲ ಮಗಾ. ಸಿಟ್ಟಿನಿಂದ ಬಂದವನನ್ನು ಕೈಮುಗಿದು ಸಮಾಧಾನ ಮಾಡಬಹುದು. ಇವನು ಬಂದದ್ದು ಅಕ್ಕರೆಯಿಂದ.

ಅಮಾವಾಸ್ಯೆಯ ದೊಡ್ಡ ಉಬ್ಬರದ ಹೊತ್ತಿಗೆ ಕಡಲು ಏರಿತು. ಎದುರಿನಿಂದ ತಳ್ಳುವ ನೀರಿರಲಿಲ್ಲ. “ತಂಗೀ, ತಂಗೀ” ಎನ್ನುತ್ತಾ ಅವನು ಕಟ್ಟ ಹತ್ತಿ ಒಳಗಿಳಿದ. ಗದ್ದೆಯಲ್ಲಿ ಹುಡುಕಿದ, ಗದ್ದೆ ಉಪ್ಪಾಯಿತು. ಕೆರೆಯಲ್ಲಿ ಹುಡುಕಿದ, ಕೆರೆ ಉಪ್ಪಾಯಿತು. ಮರಳಿನ ಅಡಿಯಿಂದ ನುಸುಳಿ ಅಕ್ಕಣಿಯ ಬಾವಿಯೊಳಗೆ ಇಣುಕಿದ, ಬಾವಿಯೂ ಉಪ್ಪಾಯಿತು. ಕೊನೆಗೆ ಕಟ್ಟದ ಹಿಂದೆ ಒಂದಿಷ್ಟು ನೀರಾಗಿ ಮಲಗಿದ್ದ ತಂಗಿಯನ್ನು ಕಂಡು ತಬ್ಬಿಕೊಂಡ. ತಬ್ಬಿದ್ದೇ ತಡ, ಅವಳೂ ಉಪ್ಪಾದಳು.

ಇಳಿತ ಬಂದಾಗ ಹಿಂದಿರುಗಬೇಕೆಂದರೆ ದಾರಿಯೇ ಇಲ್ಲ. ಕಂಡಿಯನ್ನು ಗಟ್ಟಿಯಾಗಿ ಮುಚ್ಚಿದ್ದರಲ್ಲ! ಹೊಳೆಯನ್ನು ಹಿಡಿದಿಡಲೆಂದು ಕಟ್ಟಿದ್ದ ಕಟ್ಟ ಈಗ ಕಡಲನ್ನು ಒಳಗೇ ಹಿಡಿದುಕೊಂಡಿತು.

“ಕಂಡಿ ಬಿಡ್ಸಿ, ಉಪ್ಪು ಹೋಯ್ಲಿ” ಎಂದು ಅಕ್ಕಣಿ ಮನೆ ಮನೆಗೆ ಹೋಗಿ ಕೇಳಿದಳು.

“ಇದ್ದ ನೀರೂ ಹೋದ್ರೆ?” ಎಂದರು ಜನ. ಉಪ್ಪಾದರೂ ನೀರು ನೀರೇ ಎಂದು ಅವರಿಗೆ ಅನಿಸಿತ್ತು. ದಿನಾ ಬೆಳಿಗ್ಗೆ ಕಟ್ಟದ ಮೇಲೆ ನಿಂತು ಆ ನೀರನ್ನು ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಚಿಕ್ಕು ಒಂದು ಗುಟುಕು ಕುಡಿದು ಉಗಿದಳು. “ಅಬ್ಬೇ, ಸೀ ನೀರ್ ಕೊಡ್.” ಅಕ್ಕಣಿ ಎಳನೀರು ತಂದಳು. ಎಳನೀರು ಮುಗಿಯಿತು. ಎಲೆಯ ಮೇಲಿನ ಇಬ್ಬನಿಯನ್ನು ಬಟ್ಟೆಯಲ್ಲಿ ಒರೆಸಿ ಮಗುವಿನ ಬಾಯಿಗೆ ಹಿಂಡಿದಳು. “ಅಬ್ಬೇ, ಸೀ ನೀರ್ ಕೊಡ್.” ಅಕ್ಕಣಿ ಅಂಗಳಕ್ಕೆ ಓಡಿದಳು. ಗಾಳಿಯನ್ನು ಅಡ್ಡಗಟ್ಟಿ ನಿಲ್ಲಿಸಿ, “ಗುಡ್ಡಕ್ಕೆ ಹೋಗಿ ಹೊಳೆಯಬ್ಬೆಗೆ ಹೇಳ್. ಹೆಂಗಾರೂ ಅಡ್ಡಿಲ್ಲೆ, ಬಾ ಅಂದೇಳ್” ಎಂದಳು.

ಗಾಳಿ ಹೋಯಿತು. ಮೋಡ ಕೂಡಿತು. ಮಳೆ ಬಿತ್ತು. ಬಿದ್ದ ಮಳೆ ನಿಲ್ಲಲಿಲ್ಲ.

ಹೊಳೆ ಬಂದಳು. ಒಂದು ವರ್ಷದ ನಡಿಗೆಯನ್ನು ಒಂದೇ ಉಸಿರಿಗೆ ಓಡಿಕೊಂಡು ಬಂದಳು. ತನ್ನ ಕವಲುಗಳಿಗೆ ತಿರುಗಿದಳು. ಅಲ್ಲಿ ಕೊಟ್ಟಿಗೆ, ಗುಂಡಿ, ಬೇಲಿ. ಕೊಟ್ಟಿಗೆಯನ್ನೂ ಎತ್ತಿಕೊಂಡಳು, ಗುಂಡಿಯ ಕೊಳೆಯನ್ನೂ ಎತ್ತಿಕೊಂಡಳು, ಸತ್ತ ಎತ್ತನ್ನೂ ಎತ್ತಿಕೊಂಡಳು. ಆ ದಾರಿ ಸಾಲದೆ ಕುದ್ರುವಿನ ಮೇಲೆಯೇ ಹತ್ತಿದಳು. ಕಟ್ಟ ಹಪ್ಪಳದ ಹಾಗೆ ಮುರಿಯಿತು. ಕಡಲಣ್ಣನನ್ನು ಹಿಡಿದು ಅವನ ಬಾಗಿಲಿನಾಚೆ ದೂಡಿದಳು. ಊರೆಲ್ಲ ನೀರೇ ನೀರು, ಕೆಂಪಗೆ, ದಪ್ಪಗೆ.

ಅಕ್ಕಣಿ ಮನೆಯ ತಗ್ಗು ಮಾಡಿನ ಮೇಲೆ ಮಗಳನ್ನು ಹತ್ತಿಸಿ ಕೂರಿಸಿದ್ದಳು. ತಾನು ಎದೆಮಟ್ಟದ ನೀರಿಗಿಳಿದು ಮಳೆನೀರು ಹಿಡಿಯುವ ಪಾತ್ರೆ ಹುಡುಕುತ್ತಿರುವಾಗ, ಮಗು ಸೂರಿನಿಂದ ಬಗ್ಗಿ ಬೊಗಸೆ ತುಂಬ ಮೊಗೆದು ಕುಡಿಯಿತು. ಮತ್ತೊಂದು ಬೊಗಸೆ ಕುಡಿಯಿತು. ಮುಖ ತುಂಬ ನಗು.

“ಅಬ್ಬೇ! ಸೀ ಇತ್ತ್!”

ಸಿಹಿಯೇ ಇತ್ತು ಮಗಾ. ಅದೇ ಆದ ಮೋಸ. ಉಪ್ಪು ನಾಲಿಗೆಗೆ ಗೊತ್ತಾಗುತ್ತದೆ, ಉಗಿಯಬಹುದು. ಕೊಳೆತದ್ದು ಸಿಹಿನೀರಿನಲ್ಲಿ ಅಡಗಿ ಕೂತರೆ ಬಾಯಾರಿದ ನಾಲಿಗೆಗೆ ಏನು ತಿಳಿಯುತ್ತದೆ? ನೆರೆ ಇಳಿಯುವ ಮೊದಲೇ ಚಿಕ್ಕುವಿಗೆ ವಾಂತಿ ಭೇದಿ ಹಿಡಿಯಿತು. ನೆರೆ ಇಳಿಯುವಾಗ ಚಿಕ್ಕು ಇರಲಿಲ್ಲ.

ಅಕ್ಕಣಿ ಅಳಲಿಲ್ಲ. ಹೊಳೆಯ ದಡಕ್ಕೆ ಹೋದಳು. “ಬಾ ಅಂದೆ. ವಿಷ ತಾ ಅಂದ್ನಾ?”

ಹೊಳೆ ತಲೆ ತಗ್ಗಿಸಿದಳು. “ನಾ ಎಂತದೂ ತರ್ಲಿಲ್ಲೆ ಹೆಣ್ಣೇ. ನನ್ನ ದಾರಿಯಲ್ಲಿ ನೀವ್ ಇಟ್ಟದ್ದನ್ನ ನಿಮ್ಮ ಬಾಗಿಲಿಗೆ ಮುಟ್ಸಿದೆ.”

ಅಕ್ಕಣಿ ಕಡಲ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಒಂದು ಸಣ್ಣ ತೆರೆಯಲ್ಲಿ ಚಿಪ್ಪೊಂದನ್ನು ತಂದು ಅವಳ ಕಾಲ ಬುಡದಲ್ಲಿಟ್ಟ. “ನನ್ನ ಕೇಳ್ತಿದ್ದ ಮಗು ಎಲ್ಲಿ? ಸುಮಾರ್ ದಿನ ಆಯ್ತ್, ಸುದ್ದಿಯೇ ಇಲ್ಲೆ” ಎಂದ. ಅವನನ್ನು ಬೈಯಬೇಕೆಂದು ಬಂದಿದ್ದ ಅಕ್ಕಣಿ ಆಗ ಅತ್ತಳು.

ಅಳು ಮುಗಿದ ಮೇಲೆ ಊರಿನವರ ಹತ್ತಿರ ಹೋದಳು. ಅವರು ಆಗಲೇ ದಿಮ್ಮಿ ಹೊತ್ತು ತಂದು ಹೊಸ ಕಟ್ಟಕ್ಕೆ ಅಳತೆ ನೋಡುತ್ತಿದ್ದರು. ನೆರೆ ಇಳಿದ ಕವಲಿನಲ್ಲಿ ಮೊದಲಿನ ಜಾಗವೇ ತನಗೆ ಬೇಕೆಂದು ಇಬ್ಬರು ಕಿತ್ತಾಡುತ್ತಿದ್ದರು.

“ಈ ಸರ್ತಿ ಕಂಡಿ ಬಿಡ್ತ್ರ್ಯಾ ಅಜ್ಜ?” ಎಂದು ಕೇಳಿದಳು ಅಕ್ಕಣಿ.

ನಾರ್ಣಜ್ಜ ಅವಳ ಮುಖ ನೋಡಲಿಲ್ಲ. “ಕಾಂಬ” ಎಂದ.

ಕಾಂಬ! ನೋಡೋಣವಂತೆ. ನೋಡುತ್ತಲೇ ಇದ್ದಾರೆ ಇವತ್ತಿನವರೆಗೂ.

ಅಕ್ಕಣಿ ಮತ್ತೆ ಮನೆಗೆ ಹೋಗಲಿಲ್ಲ. ಕಂಡಿ ಇದ್ದ ಜಾಗಕ್ಕೆ ಹೋಗಿ, ಸೀರೆಯ ನೆರಿಗೆ ಎತ್ತಿ ಕಟ್ಟಿ, ಸೊಂಟದವರೆಗಿನ ಕೆಸರಿಗಿಳಿದು ನಿಂತಳು. ಉಬ್ಬರ ಬಂತು, ಕದಲಲಿಲ್ಲ. ನೆರೆ ಬಂತು, ಕದಲಲಿಲ್ಲ. ಕದಲದೆ ನಿಂತ ಅವಳಿಗೆ ಕಾಲಿನ ಮೇಲೆ ಕಾಲು ಮೂಡಿ ಕೆಸರನ್ನು ಹಿಡಿದುಕೊಂಡವು. ತೋಳುಗಳಲ್ಲಿ ದಪ್ಪ ದಪ್ಪ ಎಲೆ ಬಂತು. ಉಪ್ಪು ಕೆಸರಿನ ಮರವಾಗಿ ನಿಂತ ಅವಳನ್ನು ಜನ ಕಾಂಡ್ಲ ಎಂದು ಕರೆದರು. ಸ್ವಲ್ಪ ದಿನ ಕಳೆದ ಮೇಲೆ ಸೌದೆಗೆ ಕಡಿಯುವುದಕ್ಕೂ ಶುರು ಮಾಡಿದರು.

ಅವಳು ನೀರನ್ನು ಸಿಹಿ ಮಾಡಲಿಲ್ಲ. ಅದು ಅವಳ ಕೈಯಲ್ಲಿ ಇರಲೂ ಇಲ್ಲ. ಬೇರಿಗೆ ಸಿಕ್ಕಷ್ಟು ಕೊಳೆಯನ್ನು ಹಿಡಿದುಕೊಂಡಳು, ಅಷ್ಟೇ. ಆದರೆ ಅವಳಿಗೆ ಕಾಯಿಯಾದಾಗ ಒಂದು ಮಾತ್ರ ಬೇರೆ ಮರಗಳ ಹಾಗೆ ಮಾಡಲಿಲ್ಲ. ಬೀಜವನ್ನು ಈ ನೀರಿಗೆ ಬರಿಗೈಯಲ್ಲಿ ಬೀಳಲು ಬಿಡಲಿಲ್ಲ.

ಅದಕ್ಕೇ ಮಗಾ, ಹೊಳೆ ಸೊರಗಿದ ಬೇಸಿಗೆಯಲ್ಲಿ ನಮ್ಮ ಬಾವಿಗೆ ಕಡಲಿನ ಉಪ್ಪು ಬರುತ್ತದೆ, ನೆರೆಯಲ್ಲಿ ಊರಿನ ಕೊಳೆ ಬರುತ್ತದೆ. ಅದಕ್ಕೇ ಅಳಿವೆಯ ಕಾಂಡ್ಲ ಗಿಡ ತನ್ನ ಮರಿಗಳನ್ನು ಉದ್ದ ಹಸಿರು ಕೋಲಾಗಿ ಬೆಳೆಯುವ ತನಕ ಕೊಂಬೆಯಲ್ಲೇ ಹಿಡಿದುಕೊಂಡು, ಸ್ವಂತ ಕಾಲಲ್ಲಿ ನಿಂತಾವು ಎಂದು ನಂಬಿಕೆ ಬಂದ ಮೇಲೆಯೇ ಕೆಳಗೆ ಬಿಡುವುದನ್ನು ನೀನು ಇವತ್ತಿಗೂ ಕಾಣುತ್ತೀಯ.