ಬಳೆಗಾರನ ಪಥ್ಯ

“ಗುರುಗಳೇ, ಸಾಧು ಮನುಷ್ಯನಿಗೆ ಒಂದೇ ಗಳಿಗೆಯಲ್ಲಿ ಅಷ್ಟು ಕೋಪ ಎಲ್ಲಿಂದ ಬರುತ್ತದೆ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮುರಿಗೆಪ್ಪ. ಮಠದ ಉಗ್ರಾಣ ಅವನ ವಶದಲ್ಲಿತ್ತು. ಅವನ ಮೊಣಕೈಗೆ ಬಟ್ಟೆ ಸುತ್ತಿತ್ತು. ಹನ್ನೆರಡು ವರ್ಷದಿಂದ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದ ದ್ಯಾವಣ್ಣ, ಹಿಂದಿನ ದಿನ ಊಟದ ಹೊತ್ತಿಗೆ ಕೈಯಲ್ಲಿದ್ದ ಸೌಟನ್ನು ಅವನ ಮೇಲೆ ಬೀಸಿದ್ದ. ದ್ಯಾವಣ್ಣ ಯಾರೊಂದಿಗೂ ಗಟ್ಟಿಯಾಗಿ ಮಾತನಾಡಿದವನಲ್ಲ. ಯಾಕೆ ಹೊಡೆದೆ ಎಂದು ಹಿರಿಯರು ಕೇಳಿದಾಗಲೂ ತಲೆ ತಗ್ಗಿಸಿ ನಿಂತನೇ ಹೊರತು ಉತ್ತರ ಕೊಡಲಿಲ್ಲ. ನೀನು ಅವನಿಗೆ ಏನು ಮಾಡಿದೆ ಎಂದು ಮುರಿಗೆಪ್ಪನನ್ನೂ ಕೇಳಿದರು. ನಾನು ಏನೂ ಮಾಡಲಿಲ್ಲ ಎಂದು ಅವನು ಹೇಳಿದ. ಕೈ ಮಾಡಿದವನನ್ನು ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ತೀರ್ಮಾನವಾಯಿತು. ಈಗಷ್ಟೇ ದ್ಯಾವಣ್ಣ ತನ್ನ ಗಂಟು ಹೊತ್ತುಕೊಂಡು ಮಠದ ಮೆಟ್ಟಿಲು ಇಳಿದು ಹೋಗಿದ್ದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆಗಳನ್ನು ಕೋದ ಮಲಾರವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುವುದು ಅವನ ಕಸುಬು. ತಲೆ ಅರ್ಧ ನರೆತಿತ್ತು. ಕೈ ಮಿದು, ಎಂಥ ಬಿಗಿಯಾದ ಮುಂಗೈಗೂ ನೋಯಿಸದೆ ಬಳೆ ಏರಿಸುತ್ತಿದ್ದ. ಮಾತು ಅದಕ್ಕಿಂತ ಮಿದು. ಅವನು ಬಂದನೆಂದರೆ ಬಳೆ ಬೇಡದ ಹೆಂಗಸರೂ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು, ನಕ್ಕು ಹೋಗೋಣವೆಂದು.

ಒಂದು ಊರಿನಲ್ಲಿ ಅವನು ಮಲಾರ ಇಳಿಸುತ್ತಿದ್ದದ್ದು ನೂಲು ತೆಗೆದು ಬದುಕುವ ಒಬ್ಬ ವಿಧವೆಯ ಜಗಲಿಯ ಮೇಲೆ. ಆಕೆ ಬಳೆ ತೊಡುವವಳಲ್ಲ. ಜಗಲಿ ವಿಶಾಲವಾಗಿತ್ತು, ಅಲ್ಲಿ ನೆರಳಿತ್ತು, ಬಂದವರನ್ನು ಬೇಡವೆನ್ನುವ ಸ್ವಭಾವ ಆಕೆಯದಾಗಿರಲಿಲ್ಲ. ಆ ಮನೆಯಲ್ಲಿ ಆಕೆಯನ್ನು ಬಿಟ್ಟರೆ ಇದ್ದದ್ದು ಒಂದು ನಾಯಿ. ಬೂದಿ ಬಣ್ಣದ್ದಾದ್ದರಿಂದ ಬೂದ ಎಂದು ಕರೆಯುತ್ತಿದ್ದಳು. ಅದು ಹಗಲೆಲ್ಲ ರಾಟೆಯ ಪಕ್ಕದಲ್ಲಿ ಮಲಗಿರುತ್ತಿತ್ತು. ದಾರಿಹೋಕರ ಹಿಂದೆ ಬೊಗಳಿಕೊಂಡು ಓಡಿದ್ದನ್ನೂ ಯಾರೂ ಕಂಡಿರಲಿಲ್ಲ.

ಒಂದು ದಿನ ಬಳೆಗಾರ ದೊಡ್ಡ ಅಳತೆಯ ಬಳೆಯೊಂದನ್ನು ಬೂದನ ಮುಂಗಾಲಿಗೆ ತೊಡಿಸಿ, “ಅಳತೆ ಸರಿಹೋಯಿತೇ ತಾಯಿ?” ಎಂದು ಅದನ್ನೇ ಕೇಳಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾಯಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿತು. “ಮದುಮಗಳಿಗೆ ನಾಚಿಕೆ” ಎಂದ. ಮತ್ತೂ ನಕ್ಕರು.

ಆ ನಗು ಅವನಿಗೆ ರುಚಿ ಹತ್ತಿತು. ಮುಂದಿನ ಸಲ ಬಂದಾಗ ಬೆಲ್ಲದ ಚೂರನ್ನು ನಾಯಿಯ ಮೂಗಿನ ಹತ್ತಿರ ಹಿಡಿದು, ಅದು ಬಾಯಿ ತೆರೆದೊಡನೆ ಎಳೆದುಕೊಂಡು ತಾನೇ ತಿಂದ. ಮತ್ತೊಂದು ಸಲ ಬಾಲ ಹಿಡಿದು ಎಳೆದ. ನಾಯಿ ಎದ್ದು ಬಾಗಿಲ ಮೂಲೆಗೆ ಹೋಗಿ ಮಲಗಿತು. ಅವನೂ ಎದ್ದು ಅಲ್ಲಿಗೇ ಹೋದ. ಅದು ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು ತುಟಿ ನೆಕ್ಕಿಕೊಂಡಿತು. ಹಸಿವು ಎಂದ. ಮೈ ಸೆಟೆದು ನಿಂತಿತು. ಬಿಗುಮಾನ ಎಂದ. ಕೆಲವು ತಿಂಗಳಲ್ಲಿ, ಅವನು ಬೀದಿಯ ತಿರುವಿನಲ್ಲಿ ಕಾಣಿಸಿದೊಡನೆ ಅದರ ಗಂಟಲಲ್ಲಿ ಸಣ್ಣಗೆ ಗುರುಗುಡುವ ಸದ್ದು ಶುರುವಾಗತೊಡಗಿತು. “ನನ್ನನ್ನು ಕಂಡರೆ ಇದಕ್ಕೆ ಹಾಡು ಬರುತ್ತದೆ” ಎಂದು ಹೆಂಗಸರಿಗೆ ಹೇಳಿದ.

ವಿಧವೆ ರಾಟೆ ನಿಲ್ಲಿಸಿದಳು. “ಬಳೆಗಾರಣ್ಣ, ಅದಕ್ಕೆ ಇಷ್ಟವಿಲ್ಲ. ಬಿಟ್ಟುಬಿಡಿ.”

“ನಮ್ಮಿಬ್ಬರ ಆಟ ನಿಮಗೆ ತಿಳಿಯುವುದಿಲ್ಲ ತಾಯಿ” ಎಂದು ಅವನು ನಕ್ಕ.

ಆಕೆ ಮತ್ತೆ ಹೇಳಲಿಲ್ಲ. ಅವನು ಬರುವ ದಿನ ನಾಯಿಯನ್ನು ಒಳಗೆ ಬಿಟ್ಟು ಬಾಗಿಲು ಎಳೆದುಕೊಳ್ಳತೊಡಗಿದಳು.

ಹೀಗಿರಲು ಒಂದು ದಿನ ಹೆಂಗಸರು ಹೆಚ್ಚಾಗಿ ಸೇರಿದ್ದರು. ಬೇರೆ ಊರಿನಿಂದ ಬಂದವರೂ ಇದ್ದರು. ಅವರಲ್ಲೊಬ್ಬಳು ನಾಯಿಯ ಆಟ ತೋರಿಸಿ ಎಂದಳು. ಬಳೆಗಾರ ಎದ್ದು ತಾನೇ ಬಾಗಿಲು ತಳ್ಳಿದ. ನಾಯಿ ಮೂಲೆಯಲ್ಲಿ ಮುದ್ದೆ ತಿನ್ನುತ್ತಿತ್ತು. ಅವನನ್ನು ಕಂಡು ತಿನ್ನುವುದನ್ನು ನಿಲ್ಲಿಸಿತು. ತುಟಿ ಮೇಲೆದ್ದು ಹಲ್ಲು ಕಂಡಿತು. ಅವನು ಅದನ್ನು ನೋಡಿದ. ಹಿಂದಿನಿಂದ ಯಾರೋ ಬೇಡ ಎಂದದ್ದೂ ಕೇಳಿಸಿತು. ಆದರೆ ನೋಡುವವರು ಬಾಗಿಲಲ್ಲಿ ನೆರೆದಾಗಿತ್ತು. ಬಗ್ಗಿ ಅದರ ಮೂತಿಗೆ ಕೈ ಹಾಕಿದ.

ನಾಯಿ ಅವನ ಬಲಗೈ ಕಚ್ಚಿತು. ಕಚ್ಚಿದ್ದನ್ನು ಆಗಲೇ ಬಿಟ್ಟು, ಮಂಚದ ಕೆಳಗೆ ಹೋಗಿ ಅವಿತುಕೊಂಡಿತು.

ಊರು ಸೇರಿತು. ಕೈಗೆ ಬಟ್ಟೆ ಕಟ್ಟಿ ಅವನನ್ನು ಜಗಲಿಯ ಮೇಲೆ ಕೂರಿಸಿದರು. ಊರ ಹಿರಿಯ ಬಂದು ಏನಾಯಿತೆಂದು ವಿಧವೆಯನ್ನು ಕೇಳಿದ. “ನಾಯಿ ನನ್ನದು. ನನ್ನ ಮಾತು ಬೇಡ. ಅವರನ್ನೇ ಕೇಳಿ” ಎಂದಳು.

ಹಿರಿಯ ಬಳೆಗಾರನ ಕಡೆಗೆ ತಿರುಗಿದ. “ನೀನು ಅದಕ್ಕೇನಾದರೂ ಮಾಡಿದೆಯಾ?”

ಬಳೆಗಾರನಿಗೆ ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತಲೆ ನರೆತವನು, ಮನೆಮನೆಯಲ್ಲೂ ಅಣ್ಣ ಎನಿಸಿಕೊಂಡವನು, ನಾಲ್ಕು ಜನರನ್ನು ನಗಿಸಲು ಬಾಯಿಲ್ಲದ ಪ್ರಾಣಿಯನ್ನು ಕಾಡುತ್ತಿದ್ದೆ ಎಂದು ಊರ ಮುಂದೆ ಹೇಗೆ ಹೇಳುವುದು? “ನಾನು ಏನೂ ಮಾಡಲಿಲ್ಲ. ಇದ್ದಕ್ಕಿದ್ದಂತೆ ಕಚ್ಚಿತು” ಎಂದ.

ನಕ್ಕಿದ್ದ ಹೆಂಗಸರು ಅಲ್ಲೇ ನಿಂತಿದ್ದರು. ಒಬ್ಬಳು ಹೇಳಿಯಾಳೆಂದು ಇನ್ನೊಬ್ಬಳು ನೋಡಿದಳು. ಯಾರೂ ಹೇಳಲಿಲ್ಲ.

“ಕೆಣಕಿದ್ದಕ್ಕೆ ಕಚ್ಚಿದ್ದರೆ ಕಟ್ಟಿಹಾಕಿದರೆ ಸಾಕಿತ್ತು. ಕಾರಣವಿಲ್ಲದೆ ಕಚ್ಚಿದೆಯೆಂದರೆ ಅದಕ್ಕೆ ಹುಚ್ಚು ಹಿಡಿದಿದೆ” ಎಂದ ಹಿರಿಯ. ಇಬ್ಬರು ರೈತರು ದೊಣ್ಣೆ ತಂದರು. ಬೇರೆಯವರ ಕೈಗೆ ನಾಯಿ ಕೊರಳು ಕೊಡಲಿಲ್ಲ. ಕೊನೆಗೆ ವಿಧವೆಯೇ ಮಂಚದ ಕೆಳಗೆ ಬಗ್ಗಿ ಹಗ್ಗ ಕಟ್ಟಿ ಕೊಟ್ಟಳು. ಕಟ್ಟುವಾಗ ಅದು ಆಕೆಯ ಕೈ ನೆಕ್ಕಿತು. ಅವರು ಅದನ್ನು ಊರ ಹೊರಗೆ ಕರೆದುಕೊಂಡು ಹೋದರು. ಬಳೆಗಾರ ತಲೆ ಎತ್ತಲಿಲ್ಲ.

ಅವನನ್ನು ಗಾಡಿಯಲ್ಲಿ ಮನೆಗೆ ಕಳುಹಿಸಿದರು. ಹುಚ್ಚುನಾಯಿ ಕಚ್ಚಿದೆ ಎಂಬ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ವೈದ್ಯ ಬಂದು ನಲವತ್ತು ದಿನದ ಕಷಾಯ ಬರೆದ, ಉಪ್ಪು ಹುಳಿ ಬಿಡಬೇಕೆಂದ, ನೀರು ಕಂಡು ಹೆದರುತ್ತಾನೆಯೇ ನೋಡುತ್ತಿರಿ ಎಂದ. ಮರುದಿನದಿಂದ ಹೆಂಡತಿ ಬೆಳಿಗ್ಗೆ ಎದ್ದೊಡನೆ ಬಟ್ಟಲಲ್ಲಿ ನೀರು ತಂದು ಅವನ ಮುಂದೆ ಹಿಡಿಯುತ್ತಿದ್ದಳು. ಅವನು ಕುಡಿದರೆ ಆ ದಿನದ ಮಟ್ಟಿಗೆ ಆಕೆಗೆ ಜೀವ ಬರುತ್ತಿತ್ತು. ನೆರೆಯವರು ಬಂದು ಮೆಲ್ಲಗೆ ಮಾತನಾಡಿಸಿ ಹೋಗುತ್ತಿದ್ದರು. ತಾನೂ ಉಪ್ಪು ಬಿಟ್ಟಿದ್ದೇನೆ ಎಂದು ಹೆಂಡತಿ ಯಾರಿಗೋ ಹೇಳುತ್ತಿದ್ದದ್ದು ಒಂದು ದಿನ ಅವನ ಕಿವಿಗೆ ಬಿತ್ತು.

ಮನೆಯಲ್ಲಿ ಹೆದರದೆ ಇದ್ದವನು ಅವನೊಬ್ಬನೇ. ನಾಯಿಗೆ ಹುಚ್ಚಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಇಲ್ಲದ ರೋಗಕ್ಕೆ ಅವನು ದಿನಕ್ಕೆರಡು ಸಲ ಕಹಿ ಕುಡಿದ.

ಇಪ್ಪತ್ತೆರಡನೆಯ ದಿನ ಹೆಂಡತಿ ಕಷಾಯದ ಬಟ್ಟಲು ಹಿಡಿದುಕೊಂಡು ಬಂದು ಅವನ ಮುಖ ನೋಡುತ್ತ ಕುಳಿತಳು. “ಸಾವು ಬಾಗಿಲಿಗೆ ಬಂದು ನಿಂತರೂ ನಿಮ್ಮ ಮುಖದಲ್ಲಿ ಒಂದಿಷ್ಟು ಅಂಜಿಕೆ ಇಲ್ಲ. ಇಷ್ಟು ಧೈರ್ಯವಂತರು ಎಂದು ನನಗೆ ಇಷ್ಟು ವರ್ಷ ತಿಳಿದೇ ಇರಲಿಲ್ಲ” ಎಂದಳು.

ಆ ಮಾತನ್ನು ಅವನಿಗೆ ಸಹಿಸಲಾಗಲಿಲ್ಲ. ಗೋಡೆ ನೋಡುತ್ತ ಎಲ್ಲವನ್ನೂ ಹೇಳಿದ: ಬಳೆ, ಬೆಲ್ಲ, ಬಾಲ, ತಾನೇ ತಳ್ಳಿದ ಬಾಗಿಲು. ಹೆಂಡತಿ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಎದ್ದು ಕಷಾಯವನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದಳು. ಆ ದಿನ ಅವನ ಎಲೆಗೆ ಉಪ್ಪು ಬಡಿಸಿದಳು. ಮಾತು ಮಾತ್ರ ಆಡಲಿಲ್ಲ.

ಮರುದಿನ ಅವನು ಆ ಊರಿಗೆ ನಡೆದುಕೊಂಡೇ ಹೋದ. ಹಿರಿಯನ ಅಂಗಳದಲ್ಲಿ ಹತ್ತು ಜನರ ಮುಂದೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದ. ಬೈಯುತ್ತಾರೆಂದು ಕಾದ. ಯಾರೂ ಬೈಯಲಿಲ್ಲ. ದೊಣ್ಣೆ ತಂದಿದ್ದ ರೈತನೊಬ್ಬ ಎದ್ದು ಹೊರಗೆ ಹೋದ. “ಇದನ್ನು ಅಂದೇ ಹೇಳಬೇಕಿತ್ತು” ಎಂದು ಹಿರಿಯ ಹೇಳಿದ, ಅಷ್ಟೇ.

ಅಲ್ಲಿಂದ ವಿಧವೆಯ ಜಗಲಿಗೆ ಹೋದ. ಆಕೆ ನೂಲುತ್ತಿದ್ದಳು. ಅವನು ಮೇಲೆ ಹತ್ತದೆ ಕೆಳಗೇ ನಿಂತ.

“ತಾಯಿ, ತಪ್ಪು ಅದರದಲ್ಲ. ನನ್ನದು.”

“ಇದು ನಿಮಗೆ ಯಾವಾಗ ತಿಳಿಯಿತು ಅಣ್ಣ?”

ಈಚೆಗೆ ತಿಳಿಯಿತು ಎಂದುಬಿಡಬಹುದಿತ್ತು. ಆಕೆ ನಂಬುತ್ತಿದ್ದಳೋ ಏನೋ. ಅವನು ಕೈಯ ಗಾಯದ ಗುರುತನ್ನು ನೋಡಿಕೊಂಡ. “ಅಂದೇ ತಿಳಿದಿತ್ತು” ಎಂದ.

ದಾರಿಯುದ್ದಕ್ಕೂ ಅವನು ಇನ್ನೂ ಎಷ್ಟೋ ಮಾತುಗಳನ್ನು ಕೂಡಿಸಿಕೊಂಡು ಬಂದಿದ್ದ. ಬಾಯಿ ತೆರೆಯುವಷ್ಟರಲ್ಲಿ, ರಾಟೆಯ ಹಿಡಿಯ ಮೇಲೆ ಆಕೆಯ ಬೆರಳುಗಳು ಬಿಗಿಯಾದದ್ದು ಕಾಣಿಸಿತು. ಮಾತುಗಳನ್ನು ಅಲ್ಲೇ ನುಂಗಿಕೊಂಡು, ಬಂದ ದಾರಿಯಲ್ಲಿ ಹಿಂದಿರುಗಿದ. ಮತ್ತೆ ಆ ಜಗಲಿಯಲ್ಲಿ ಮಲಾರ ಇಳಿಸಲಿಲ್ಲ.

ಅವನ ಎರಡು ಬೆರಳು ಕೊನೆಯವರೆಗೂ ಪೂರ್ತಿ ಮಡಚಲು ಬರಲಿಲ್ಲ. ಬಳೆ ಏರಿಸಲು ತಡವಾಗುತ್ತಿತ್ತು. ಕೈಗೇನಾಯಿತು ಎಂದು ಕಂಡಕಂಡ ಊರಿನಲ್ಲೆಲ್ಲ ಹೆಂಗಸರು ಕೇಳುತ್ತಿದ್ದರು. “ನಾಯಿಯನ್ನು ಕೆಣಕಿದೆ, ಕಚ್ಚಿತು. ಕೆಣಕಲಿಲ್ಲವೆಂದು ಹೇಳಿದೆ, ಅದನ್ನು ಕೊಂದರು” ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಮೊಣಕೈಯ ಬಟ್ಟೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಕೇಳಿದ: “ಅವನು ಅಂದೇ ನಿಜ ಹೇಳಿದ್ದರೆ ನಾಯಿ ಉಳಿಯುತ್ತಿತ್ತೇ ಗುರುಗಳೇ?”

“ದ್ಯಾವಣ್ಣ ಇನ್ನೂ ಊರು ದಾಟಿರಲಾರ” ಎಂದರು ಗುರುಗಳು.