ಜಡ್ಜ್ ಸಾಹೇಬರ ಸೂಪು

ನಿವೃತ್ತ ಜಡ್ಜ್ ಹಂಪಣ್ಣನವರು ತಂಗಳು ಮುಟ್ಟುವವರಲ್ಲ ಎಂದು ಊರೆಲ್ಲ ನಂಬಿತ್ತು. ಅವರೂ ನಂಬಿದ್ದರು.

ಹೆಂಡತಿ ತೀರಿಕೊಂಡ ವರ್ಷ ಅವರಿಗೆ ಜ್ವರ ಬಂತು. ಅಡುಗೆಯ ದೇವೀರಮ್ಮನನ್ನು ಕರೆದರು. "ಅವಳು ಮಾಡ್ತಿದ್ದ ಸೂಪೇ ಬೇಕು. ರುಚಿ ತಪ್ಪಿದರೆ ನಾಳೆಯಿಂದ ಬರಬೇಡ."

ಹಿಂದಿನ ದಿನ ಸಾಹೇಬರು ಹೋಟೆಲಿನಿಂದ ತರಿಸಿ ಅರ್ಧ ಬಿಟ್ಟಿದ್ದ ಕುರ್ಮಾ, ಅನ್ನ ಫ್ರಿಜ್ಜಿನಲ್ಲಿತ್ತು. ದೇವೀರಮ್ಮ ಅದಕ್ಕೆ ನೀರು ಹೊಯ್ದು ಕುದಿಸಿದಳು. ಸೋಸಿ, ಶುಂಠಿ, ಮೆಣಸು ಜಜ್ಜಿ ಹಾಕಿದಳು.

ಮೊದಲ ಗುಟುಕಿಗೇ ಸಾಹೇಬರ ಕಣ್ಣು ತುಂಬಿತು. "ಅವಳದೇ ಕೈರುಚಿ! ಅವಳ ಅಡುಗೆಯಲ್ಲಿ ನನಗೆ ಹಿಡಿಸಿದ್ದು ಇದೊಂದೇ. ಅದನ್ನೂ ಅವಳಿಗೆ ಹೇಳಲಿಲ್ಲ. ನೀನೆಲ್ಲಿ ಕಲಿತೆ?"

"ಅಮ್ಮಾವ್ರೇ ಕಲಿಸಿದ್ದು ಸ್ವಾಮಿ. ಅವರ ಅಡುಗೆ ತಳ್ಳಿ ನೀವು ಹೋಟೆಲಿಂದ ತರಿಸ್ತಿದ್ರಲ್ಲ, ಅದರಲ್ಲಿ ಉಳಿದದ್ದರಲ್ಲೇ ಮಾಡ್ತಿದ್ರು."